ಗೀರು ಬಿದ್ದರೆ ಬೀಳಲಿ

ಮಗಳಿಗೆ ಹದಿನೆಂಟು ತುಂಬಿ ಎರಡು ವಾರಕ್ಕೆ ಎಲ್‌ಎಲ್‌ಆರ್ ಕೈಗೆ ಬಂತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳ ಅಪ್ಪ ಕೇಳಿದರು, "ಯಾವ ಗಾಡೀಲಿ ಕಲೀತಾಳೆ?" ನಾನು ಯೋಚನೆ ಮಾಡುವ ಮೊದಲೇ ಉತ್ತರ ಬಾಯಿಂದ ಹೊರಗೆ ಬಂದಿತ್ತು. "ಹಳೇದರಲ್ಲೇ ಕಲೀಲಿ ಬಿಡಿ. ಗೀರು ಬಿದ್ರೂ ಪರವಾಗಿಲ್ಲ."

ಅತ್ತೆ ಹೌದೆಂದು ತಲೆಯಾಡಿಸಿದರು. ಅವಳ ಅಪ್ಪನೂ ಒಪ್ಪಿದರು. ನಾನು ಎರಡನೇ ಸಲ ಸಾರು ಬಡಿಸಿದೆ.

ಹಳೇದು ಅಂದರೆ 2012ರಲ್ಲಿ ಕೊಂಡ ಪುಟ್ಟ ಕಾರು. ಮೂವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಎಡಬಾಗಿಲಿನ ಮೇಲೆ ಗೇಟಿನ ಕಂಬಕ್ಕೆ ಉಜ್ಜಿದ ಗುರುತು ಇನ್ನೂ ಇದೆ, ಅದು ನನ್ನದು. ಬೇಸ್ ಮಾಡೆಲ್. ಆಗೆಲ್ಲ ಏರ್‌ಬ್ಯಾಗ್ ಬೇಕೆಂದರೆ ಮೇಲಿನ ವೇರಿಯಂಟ್‌ಗೆ ಹೋಗಬೇಕಿತ್ತು. ಕಾಸಿಗೆ ತಕ್ಕ ಕಜ್ಜಾಯ ಅನ್ನೋ ಹಾಗೆ ಜೀವಕ್ಕೂ ವೇರಿಯಂಟ್ ಇದ್ದ ಕಾಲ. ನಾವು ಬೇಸ್ ಮಾಡೆಲ್ ತಗೊಂಡು, ಉಳಿದ ದುಡ್ಡಿನಲ್ಲಿ ಮ್ಯೂಸಿಕ್ ಸಿಸ್ಟಂ ಹಾಕಿಸಿದೆವು. ಆರು ವರ್ಷದ ಮಗಳು ಅದೇ ಕಾರಿನ ಮುಂದಿನ ಸೀಟಿನಲ್ಲಿ, ನನ್ನ ತೊಡೆಯ ಮೇಲೆ ಕೂತು ಹಾಡು ಕೇಳುತ್ತಾ ಊರಿಗೆ ಬರುತ್ತಿದ್ದಳು. ಈಗ ನೆನೆದರೆ ಎದೆ ಧಸಕ್ ಅನ್ನುತ್ತದೆ.

ಹೊಸದು ಎರಡು ವರ್ಷದ ಹಿಂದೆ ಬಂದದ್ದು. ಆರು ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಹಾಕಿದರೂ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್, ಗಾಡಿ ಜಾರಲು ಶುರುವಾದರೆ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ದಾರಿಗೆ ತರುವ ಇಎಸ್‌ಸಿ, ಎದುರಿಗೆ ಏನಾದರೂ ಅಡ್ಡ ಬಂದರೆ ಮೊದಲು ಕಿರುಚಿ ಆಮೇಲೆ ತಾನೇ ಬ್ರೇಕ್ ಒತ್ತುವ ವ್ಯವಸ್ಥೆ. ವಾರಕ್ಕೆರಡು ಸಲ ಒರೆಸುತ್ತೇವೆ, ನೆರಳು ನೋಡಿ ನಿಲ್ಲಿಸುತ್ತೇವೆ.

ಮಲಗಿದ ಮೇಲೆ ನನ್ನ ಮಾತೇ ನನ್ನ ಹತ್ತಿರ ತಿರುಗಿ ಬಂತು. ಗೀರು ಬಿದ್ದರೂ ಪರವಾಗಿಲ್ಲ ಅಂದೆನಲ್ಲ, ಯಾವುದಕ್ಕೆ? ಮನೆಯಲ್ಲಿ ಅನುಭವ ಅತಿ ಕಡಿಮೆ ಇರುವವಳು, ತಪ್ಪು ಮಾಡಿಯೇ ಕಲಿಯಬೇಕಾದವಳು ಅವಳು. ಅಂಥವಳನ್ನು ಮನೆಯಲ್ಲಿರುವ ಅತಿ ದುರ್ಬಲ ಗಾಡಿಯಲ್ಲಿ ಕೂರಿಸೋಣ ಅಂತ ಮೂರು ಜನ ದೊಡ್ಡವರು ಒಂದು ನಿಮಿಷದಲ್ಲಿ ತೀರ್ಮಾನ ಮಾಡಿದ್ದೆವು. ಹಾಗೆ ಮಾಡಿ ನಾವು ಕಾಪಾಡಿದ್ದು ಹೊಸ ಗಾಡಿಯ ಬಣ್ಣವನ್ನು.

ಆ ಕಾಲದ ಸಣ್ಣ ಕಾರುಗಳು ಎಂಥವು ಅನ್ನುವುದು ಗುಟ್ಟೇನಲ್ಲ. 2014ರ ಜನವರಿಯಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇಲ್ಲಿ ಜನಪ್ರಿಯವಾಗಿದ್ದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದ ಫಲಿತಾಂಶವನ್ನು ಹೊರಹಾಕಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೈದೂ ಸೊನ್ನೆ ಸ್ಟಾರ್. ಅದಾದ ಮೇಲೆ ನಿಧಾನಕ್ಕೆ ಬದಲಾವಣೆ ಬಂತು. 2018ರ ಕೊನೆಯಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾಯಿತು. 2019ರ ಏಪ್ರಿಲ್‌ನಿಂದ ಎಲ್ಲ ಕಾರಿಗೂ ಎಬಿಎಸ್, ಜುಲೈನಿಂದ ಚಾಲಕನ ಏರ್‌ಬ್ಯಾಗ್, ಬೆಲ್ಟ್ ನೆನಪಿಸುವ ಸದ್ದು, 80 ದಾಟಿದರೆ ಎಚ್ಚರಿಸುವ ಬೀಪ್ ಕಡ್ಡಾಯವಾಯಿತು. ಪಕ್ಕದ ಸೀಟಿನವರಿಗೂ ಏರ್‌ಬ್ಯಾಗ್ ಕಡ್ಡಾಯವಾಗಲು 2021ರವರೆಗೆ ಕಾಯಬೇಕಾಯಿತು. 2023ರ ಅಕ್ಟೋಬರ್‌ನಿಂದ ನಮ್ಮದೇ ಗುದ್ದು ಪರೀಕ್ಷೆ, ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ. ಅಂದರೆ ನಮ್ಮ ಮನೆಯ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಗಾಡಿಗಳ ನಡುವೆ ಇರುವುದು ಬರೀ ಹನ್ನೊಂದು ವರ್ಷದ ಅಂತರವಲ್ಲ, ಎರಡು ಯುಗಗಳ ಅಂತರ.

ಬೆಳಿಗ್ಗೆ ಕಾಫಿ ಕೊಡುವಾಗಲೇ ಹೇಳಿದೆ, ಹೊಸದರಲ್ಲೇ ಕಲೀಲಿ ಅಂತ. ಇವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

ಅಮೆರಿಕದ ಫ್ರೀಮಾಂಟ್‌ನಲ್ಲಿರುವ ಅಕ್ಕನಿಗೆ ಫೋನ್ ಮಾಡಿದಾಗ ಅವಳು ನಗಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಹೋದ ವರ್ಷವಷ್ಟೇ ಅವಳ ಮಗ ಹದಿನಾರಕ್ಕೆ ಕಾರು ಹಿಡಿದಿದ್ದ. ಕ್ಯಾಲಿಫೋರ್ನಿಯಾದಲ್ಲಿ ಪರ್ಮಿಟ್ ಬಂದ ಮೇಲೆ ಆರು ತಿಂಗಳು ಕಾಯಬೇಕು, ದೊಡ್ಡವರು ಪಕ್ಕದಲ್ಲಿ ಕೂತು 50 ಗಂಟೆ ಓಡಿಸಬೇಕು, ಅದರಲ್ಲಿ 10 ಗಂಟೆ ರಾತ್ರಿಯದ್ದಾಗಿರಬೇಕು. ಲೈಸೆನ್ಸ್ ಬಂದ ಮೇಲೂ ಮೊದಲ ವರ್ಷ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಒಬ್ಬನೇ ಓಡಿಸುವ ಹಾಗಿಲ್ಲ. ಇಪ್ಪತ್ತರೊಳಗಿನ ಸ್ನೇಹಿತರನ್ನು ಕೂರಿಸಿಕೊಳ್ಳುವ ಹಾಗೂ ಇಲ್ಲ, 25 ದಾಟಿದ ಲೈಸೆನ್ಸಿನವರು ಜೊತೆಗಿದ್ದರೆ ಮಾತ್ರ ಸರಿ. ಮಕ್ಕಳ ಪಕ್ಕದಲ್ಲಿ ಮಕ್ಕಳೇ ಕೂತರೆ ಅಪಘಾತ ಹೆಚ್ಚುತ್ತದೆ ಅನ್ನುವುದು ಅಲ್ಲಿ ವರ್ಷಗಟ್ಟಲೆ ಲೆಕ್ಕ ಹಾಕಿ ಕಂಡುಕೊಂಡ ಸತ್ಯ. ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಸಂಸ್ಥೆ ಹದಿಹರೆಯದವರಿಗೆ ಯಾವ ಕಾರು ಕೊಡಬಹುದು ಅಂತ ಪಟ್ಟಿಯನ್ನೇ ಹೊರತರುತ್ತದಂತೆ. ತೀರಾ ಸಣ್ಣ ಕಾರು ಬೇಡ, ಜೋರಾಗಿ ನುಗ್ಗುವ ಎಂಜಿನ್ ಬೇಡ, ಇಎಸ್‌ಸಿ ಇರಲೇಬೇಕು. ಕೆಲವು ಕಾರುಗಳಲ್ಲಿ ಮಕ್ಕಳಿಗೆ ಬೇರೆ ಕೀಲಿಯೇ ಇರುತ್ತದೆ. ಬೆಲ್ಟ್ ಹಾಕದಿದ್ದರೆ ರೇಡಿಯೋ ಬಾಯಿ ಬಿಡುವುದಿಲ್ಲ, ಎಷ್ಟು ವೇಗ ಮುಟ್ಟಿದ ಅನ್ನುವುದು ಅಪ್ಪ ಅಮ್ಮನಿಗೆ ಗೊತ್ತಾಗುತ್ತದೆ.

ನಮ್ಮಲ್ಲಿ ಎಲ್‌ಎಲ್‌ಆರ್ ಆಗಿ 30 ದಿನ ಕಳೆದರೆ ಟೆಸ್ಟ್ ಕೊಡಬಹುದು. ಡಿಎಲ್ ಕಾರ್ಡ್ ಬಂದ ದಿನವೇ ರಾತ್ರಿ, ಹೈವೇ, ಘಾಟ್, ಐದು ಜನ ಗೆಳೆಯರು, ಎಲ್ಲ ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ನಡುವೆ ಮೆಟ್ಟಿಲಿಲ್ಲ. ಹದಿನೆಂಟಾಗದವರ ಕೈಗೆ ಕೀಲಿ ಕೊಟ್ಟರೆ ಮಾತ್ರ 2019ರ ತಿದ್ದುಪಡಿಯಿಂದ ಕಾನೂನು ಬಿಗಿಯಾಗಿದೆ. ಪೋಷಕರಿಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ನೋಂದಣಿ ರದ್ದು, ಮಗುವಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಪಿಯುಸಿಯಲ್ಲಿ ಎಲ್ಲರೂ ಸ್ಕೂಟರಿನಲ್ಲಿ ಬರುತ್ತಾರೆ ಅಂತ ಇವಳು ಎರಡು ವರ್ಷ ಅತ್ತಳು, ನಾನು ಜಗ್ಗಲಿಲ್ಲ. ಹದಿನೆಂಟಾದ ಮೇಲಿನ ಮೆಟ್ಟಿಲುಗಳನ್ನು ನಾವೇ ಕಟ್ಟಬೇಕಾಯಿತು.

ಮೊದಲ ಮೆಟ್ಟಿಲು ಸೀಟು. ಅವಳು ನನ್ನ ಹಾಗೇ ಗಿಡ್ಡ. ಕೂತವಳೇ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಸ್ಟೀರಿಂಗನ್ನು ಎದೆಗೆ ಅಪ್ಪಿಕೊಂಡು, ಬಾನೆಟ್ಟಿನ ತುದಿ ಕಾಣುತ್ತಾ ಅಂತ ಕತ್ತು ಉದ್ದ ಮಾಡಿದಳು. ನಾನು ಇಷ್ಟು ವರ್ಷ ಓಡಿಸಿದ್ದೂ ಹಾಗೆಯೇ. ಸ್ಟೀರಿಂಗಿನ ನಡುಭಾಗಕ್ಕೂ ಎದೆಯ ಮೂಳೆಗೂ ಕಡೇ ಪಕ್ಷ 25 ಸೆಂಟಿಮೀಟರ್ ಇರಬೇಕು. ಏರ್‌ಬ್ಯಾಗ್ ಅಂದರೆ ಮೆತ್ತಗೆ ಬಂದು ಕೆನ್ನೆ ಸವರುವ ದಿಂಬು ಅಂದುಕೊಂಡಿರುತ್ತೇವೆ. ಅದು ರೆಪ್ಪೆ ಬಡಿಯುವುದರೊಳಗೆ ಸಿಡಿದು ಉಬ್ಬುತ್ತದೆ. ತುಂಬ ಹತ್ತಿರ ಕೂತವರಿಗೆ, ಬೆಲ್ಟ್ ಹಾಕದೆ ಮುಂದಕ್ಕೆ ಬಿದ್ದವರಿಗೆ ಆ ಸಿಡಿತವೇ ಗಾಯ ಮಾಡುತ್ತದೆ. ಬೆಲ್ಟು ಎದೆಯನ್ನು ಹಿಡಿದು ನಿಲ್ಲಿಸಿದ ಮೇಲೆ ಮಾಡಬೇಕಾದ ಕೆಲಸ ಏರ್‌ಬ್ಯಾಗಿನದು. ಬೆಲ್ಟಿಲ್ಲದ ಏರ್‌ಬ್ಯಾಗನ್ನು ನಂಬಬಾರದು.

ಹೊಲಿಗೆ ಡಬ್ಬಿಯಿಂದ ಟೇಪು ತಂದು ಅಳೆದೆ. ಹದಿನೇಳು ಸೆಂಟಿಮೀಟರ್. ಸೀಟು ಹಿಂದಕ್ಕೆ ತಳ್ಳಿದರೆ ಕ್ಲಚ್ ಎಟುಕುವುದಿಲ್ಲ. ಸೀಟಿನ ಎತ್ತರ ಹೆಚ್ಚಿಸುವ ಲಿವರ್ ಎರಡು ವರ್ಷದಿಂದ ಅಲ್ಲೇ ಇತ್ತು, ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಅದನ್ನು ಎತ್ತಿ, ಬೆನ್ನಿನ ಭಾಗವನ್ನು ಸ್ವಲ್ಪ ಒರಗಿಸಿ, ಸ್ಟೀರಿಂಗನ್ನು ತಗ್ಗಿಸಿ, ಅರ್ಧ ಗಂಟೆ ಒದ್ದಾಡಿದ ಮೇಲೆ 26 ಬಂತು. ಅವಳ ಕೈಗಳನ್ನು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಇಡಿಸಿದೆ. ನನಗೆ ಕಲಿಸಿದ್ದು ಹತ್ತು ಮತ್ತು ಎರಡು. ಏರ್‌ಬ್ಯಾಗ್ ಇಲ್ಲದ ಸ್ಟೀರಿಂಗಿಗೆ ಅದು ನಡೆಯುತ್ತಿತ್ತು, ಈಗ ಹಾಗೆ ಹಿಡಿದರೆ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಕೈ ಮುಖಕ್ಕೇ ಹೊಡೆಯಬಹುದು. ಆಮೇಲೆ ನನ್ನ ಸೀಟನ್ನೂ ಹಾಗೆಯೇ ಅಳೆದುಕೊಂಡೆ.

ಎರಡನೆಯದು ಬ್ರೇಕ್. ಈ ಬರಹ ಓದುವ ಅಪ್ಪ ಅಮ್ಮಂದಿರು ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ಮಾಡಿ ನೋಡಲಿ ಅಂತ ನನ್ನ ಆಸೆ.

ಮೈಸೂರಿನ ಬೋಗಾದಿ ಆಚೆ ಇನ್ನೂ ಮನೆಗಳೇಳದ ಒಂದು ಲೇಔಟ್ ಇದೆ. ರಸ್ತೆ ಅಗಲ, ಡಾಂಬರು ಚೆನ್ನಾಗಿದೆ, ಭಾನುವಾರ ಬೆಳಿಗ್ಗೆ ಆರಕ್ಕೆ ಒಂದು ನಾಯಿಯೂ ಇರುವುದಿಲ್ಲ. ಎಲ್ ಬೋರ್ಡ್ ಅಂಟಿಸಿಕೊಂಡು ಹೋದೆವು. ಹಿಂದೆ ಮುಂದೆ ಯಾರೂ ಇಲ್ಲ ಅಂತ ಮೂರು ಸಲ ನೋಡಿ, "ನಲವತ್ತಕ್ಕೆ ಹೋಗು, ನಾನು 'ಹೊಡಿ' ಅಂದ ತಕ್ಷಣ ಬ್ರೇಕನ್ನು ಎಷ್ಟು ಜೋರಾಗಿ ಒತ್ತಕ್ಕಾಗತ್ತೋ ಅಷ್ಟು ಜೋರಾಗಿ ಒತ್ತು" ಅಂದೆ. ಒತ್ತಿದಳು. ಪೆಡಲ್ ಅವಳ ಕಾಲಡಿಯಲ್ಲಿ ಗಡಗಡ ನಡುಗಿ ತಿರುಗಿ ಒದೆಯಿತು, ಕೆಳಗೆಲ್ಲೋ ಜಲ್ಲಿ ಕಲಸಿದಂಥ ಸದ್ದು. "ಅಮ್ಮಾ, ಏನೋ ಮುರೀತು!" ಅಂತ ಕಿರುಚಿ ಕಾಲು ತೆಗೆದುಬಿಟ್ಟಳು. ಗಾಡಿ ಇನ್ನಷ್ಟು ದೂರ ಉರುಳಿಕೊಂಡು ಹೋಯಿತು.

ಏನೂ ಮುರಿದಿರಲಿಲ್ಲ. ಎಬಿಎಸ್ ತನ್ನ ಕೆಲಸ ಮಾಡುತ್ತಿತ್ತು ಅಷ್ಟೇ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ನಿಂತುಬಿಟ್ಟರೆ ಗಾಡಿ ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಅದಕ್ಕೇ ಅದು ಸೆಕೆಂಡಿಗೆ ಹಲವಾರು ಸಲ ಬ್ರೇಕನ್ನು ಬಿಟ್ಟು ಹಿಡಿದು ಮಾಡುತ್ತದೆ. ಆ ನಡುಕವೇ ಕಾಲಿಗೆ ಬರುವುದು. ಅದನ್ನು ಮೊದಲ ಸಲ ಅನುಭವಿಸಿದವರು ಹೆದರಿ ಕಾಲು ತೆಗೆಯುತ್ತಾರೆ, ಕಾಲು ಒತ್ತಿಯೇ ಇರಬೇಕಾದ ಒಂದೇ ಒಂದು ಕ್ಷಣದಲ್ಲಿ. ನನಗೆ ಕಲಿಸಿದ ಮಾಸ್ತರರು "ಬ್ರೇಕ್ ಪಂಪ್ ಮಾಡಿ ಮೇಡಂ, ಒಂದೇ ಸಲ ಹೊಡೀಬೇಡಿ" ಅನ್ನುತ್ತಿದ್ದರು. ಹಳೇ ಗಾಡಿಗೆ ಅದು ಸರಿಯಾದ ಪಾಠವೇ. ಎಬಿಎಸ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ನಿಲ್ಲುವ ದೂರವನ್ನು ನಾವೇ ಉದ್ದ ಮಾಡಿಕೊಂಡ ಹಾಗೆ. ಅವತ್ತು ಜಾಗ ಬದಲಾಯಿಸಿ ನಾನೂ ಒತ್ತಿ ನೋಡಿದೆ. ಹನ್ನೆರಡು ವರ್ಷ ಗಾಡಿ ಓಡಿಸಿದವಳ ಕಾಲೂ ತಾನಾಗಿ ಮೇಲೆ ಬಂತು.

ಮುಂದಿನ ಭಾನುವಾರ ಮಿಕ್ಸಿ ಬಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆ ತಗೊಂಡು ಹೋಗಿ ರಸ್ತೆ ಮಧ್ಯೆ ಇಟ್ಟೆವು. ಬ್ರೇಕ್ ಬಿಡದೆ ಒತ್ತಿಕೊಂಡೇ ಪಕ್ಕಕ್ಕೆ ತಿರುಗಬೇಕು. ಮೂರು ಸಲ ಪೆಟ್ಟಿಗೆ ಅಪ್ಪಚ್ಚಿಯಾಯಿತು. ನಾಲ್ಕನೇ ಸಲ ಹಲ್ಲು ಕಚ್ಚಿ, ಆ ನಡುಕದ ಮೇಲೆ ಕಾಲಿಟ್ಟುಕೊಂಡೇ, ಪೆಟ್ಟಿಗೆಯನ್ನು ಬಳಸಿ ಹೋಗಿ ನಿಂತಳು. ಆಮೇಲೆ ಅರವತ್ತಕ್ಕೆ ಹೋಗಿ ನಿಲ್ಲಿಸಿ, ಎರಡೂ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೆಜ್ಜೆಯಲ್ಲಿ ಅಳೆದೆವು. ವೇಗ ಒಂದೂವರೆ ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲುವ ದೂರ ಎರಡು ಪಟ್ಟಿಗಿಂತ ಹೆಚ್ಚು, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಭೌತಶಾಸ್ತ್ರದಲ್ಲಿ ತೊಂಬತ್ತೈದು ತೆಗೆದ ಹುಡುಗಿ. ಹೆಜ್ಜೆ ಎಣಿಸಿ ಬಂದವಳು ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

ತಾನೇ ಬ್ರೇಕ್ ಹಾಕುವ ವ್ಯವಸ್ಥೆಯ ಬಗ್ಗೆ ನಮ್ಮಿಬ್ಬರಲ್ಲಿ ಜಗಳವೇ ಆಯಿತು. "ಆಫ್ ಮಾಡು, ಅಭ್ಯಾಸ ಕೆಡತ್ತೆ, ನಾಳೆ ಅದಿಲ್ಲದ ಗಾಡಿ ಸಿಕ್ಕರೆ?" ಅನ್ನುವುದು ಇವರ ವಾದ. ಮಾತಿನಲ್ಲಿ ಹುರುಳಿದೆ. ದೇವರಾಜ ಅರಸು ರಸ್ತೆಯಲ್ಲಿ ಸಂಜೆ ಹೊತ್ತು ಹೋದರೆ ಅದು ಹತ್ತು ಹೆಜ್ಜೆಗೊಮ್ಮೆ ಕೂಗುತ್ತದೆ. ಆಟೋ ಅಡ್ಡ ಬಂತು, ಸ್ಕೂಟರ್ ನುಗ್ಗಿತು, ಯಾರೋ ಕೈ ಅಡ್ಡ ಹಿಡಿದು ದಾಟಿದರು. ಅಷ್ಟು ಸಲ ಕೂಗಿದರೆ ಅದು ಕಿವಿಗೆ ಬೀಳುವುದೇ ನಿಲ್ಲುತ್ತದೆ. ಹಠಾತ್ತನೆ ನಿಂತರೆ ಹಿಂದೆ ಒಂದು ಗೇಣು ಬಿಟ್ಟು ಬರುತ್ತಿರುವ ಬೈಕಿನವನ ಗತಿಯೇನು? ಮಳೆಯಲ್ಲಿ, ಕೆಸರು ಹತ್ತಿದಾಗ ಕ್ಯಾಮೆರಾಕ್ಕೆ ಕಣ್ಣೂ ಕಾಣುವುದಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡೂ ನಾನು ಬಿಡಲಿಲ್ಲ. ಎದುರಿನ ಗಾಡಿಗೆ ಹಿಂದಿನಿಂದ ಗುದ್ದುವ ಅಪಘಾತಗಳು ಈ ವ್ಯವಸ್ಥೆ ಇರುವ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿವೆ ಅಂತ ಅದೇ ಐಐಎಚ್‌ಎಸ್ ಲೆಕ್ಕ ಕೊಟ್ಟಿದೆ. ಅಮೆರಿಕದ ರಸ್ತೆ ನಮ್ಮದಲ್ಲ, ನಿಜ. ಆದರೆ ಹದಿನೆಂಟರ ಗಮನ ಎಲ್ಲ ದೇಶದಲ್ಲೂ ಒಂದೇ ಥರ ತಪ್ಪುತ್ತದೆ. ಕೊನೆಗೆ ಬ್ರೇಕ್ ಆನ್ ಇರಲಿ, ಗಾಡಿಯನ್ನು ಲೇನಿನ ಗೆರೆಯೊಳಗೇ ಹಿಡಿದಿಡುವ ವ್ಯವಸ್ಥೆ ಊರೊಳಗೆ ಆಫ್ ಆಗಲಿ ಅಂತ ರಾಜಿಯಾಯಿತು. ಹೊಂಡ ತಪ್ಪಿಸಲು ಇಂಡಿಕೇಟರ್ ಹಾಕದೆ ಗೆರೆ ದಾಟಿದರೆ ಅದು ಸ್ಟೀರಿಂಗನ್ನು ಮೆಲ್ಲಗೆ ವಾಪಸ್ ಎಳೆಯುತ್ತದೆ. ಕಲಿಯುವವಳಿಗೆ ತನ್ನ ಕೈಯ ಮೇಲಿನ ನಂಬಿಕೆಯೇ ಹೋಗುತ್ತದೆ. ಇದು ನನ್ನ ತೀರ್ಮಾನ, ಬೇರೆಯವರದು ಬೇರೆ ಇರಬಹುದು. ಅಲಾರಂ ಕೂಗಿದಾಗಲೆಲ್ಲ ಮನೆಗೆ ಬಂದ ಮೇಲೆ ಯಾಕೆ ಕೂಗಿತು ಅಂತ ಅವಳು ನನಗೆ ಹೇಳಬೇಕು. ಮೊದಲ ವಾರ ಹೇಳಲು ಬಹಳ ಇತ್ತು, ಎರಡನೇ ತಿಂಗಳಿಗೆ ಮೂರೋ ನಾಲ್ಕೋ.

ಡ್ಯಾಶ್‌ಬೋರ್ಡಿನ ಗಣಪತಿಯ ವಿಷಯ ಕಷ್ಟದ್ದು. ಗಾಡಿ ಬಂದ ದಿನ ಅತ್ತೆ ಬೆಟ್ಟದಿಂದ ತಂದ ಹಿತ್ತಾಳೆಯ ಮೂರ್ತಿಯನ್ನು ಎಡಗಡೆ, ಸರಿಯಾಗಿ ಏರ್‌ಬ್ಯಾಗ್ ಅಂತ ಬರೆದಿರುವ ಜಾಗದ ಮೇಲೆ ಅಂಟಿಸಿದ್ದರು. ಆ ಮುಚ್ಚಳ ಸಿಡಿದರೆ ಹಿತ್ತಾಳೆಯ ತುಂಡು ಎದುರಿಗೆ ಕೂತವರ ಮುಖಕ್ಕೇ ಹಾರುತ್ತದೆ. ಎದುರಿಗೆ ಕೂರುವವರು ಹೆಚ್ಚಾಗಿ ಅವರೇ. ಪ್ರತಿ ಆಯುಧಪೂಜೆಗೆ ಬೂದುಗುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮೊಮ್ಮಗಳ ದೃಷ್ಟಿ ತೆಗೆಯುವವರಿಗೆ ಇದನ್ನು ಹೇಗೆ ಹೇಳಲಿ? ನಾಲ್ಕು ದಿನ ಹೇಳಲಿಲ್ಲ. ಐದನೇ ದಿನ ಕಾರಿನ ಹತ್ತಿರವೇ ಕರೆದುಕೊಂಡು ಹೋಗಿ ಆ ಅಕ್ಷರ ತೋರಿಸಿ, ಒಳಗೆ ಏನಿದೆ ಅಂತ ವಿವರಿಸಿದೆ. ಅವರು ಬೆರಳಿನಿಂದ ಆ ಸೀಳನ್ನು ಸವರಿದರು. "ಹಾಗಾದ್ರೆ ಅವನಿಗೆ ಅಲ್ಲಿ ಕಷ್ಟ ಅನ್ನು" ಅಂದು ತಾವೇ ಕಿತ್ತು, ಸೆರಗಿನಲ್ಲಿ ಒರೆಸಿ ದೇವರ ಮನೆಗೆ ಒಯ್ದರು. ಅದೇ ಧೈರ್ಯದಲ್ಲಿ ಮುಂದಿನ ಸೀಟುಗಳ ಕವರನ್ನೂ ಬಿಚ್ಚಿಸಿದೆ. ಪಕ್ಕದ ಏರ್‌ಬ್ಯಾಗ್ ಸೀಟಿನ ಅಂಚಿನಿಂದಲೇ ಹೊರಗೆ ಬರಬೇಕು, ನಾವು ಅದರ ಬಾಯಿಗೇ ಹೊಲಿಗೆ ಹಾಕಿಸಿದ್ದೆವು.

ಗಟ್ಟಿ ಗಾಡಿಗೆ ಅದರದೇ ಕುರುಡೂ ಇದೆ. ಮುಂದಿನ ಗಾಜಿನ ಎರಡು ಪಕ್ಕದ ಕಂಬಗಳು ಹಳೇ ಗಾಡಿಯಲ್ಲಿ ತೆಳ್ಳಗಿದ್ದವು. ಇದರಲ್ಲಿ ಅವು ಎಷ್ಟು ದಪ್ಪವೆಂದರೆ ತಿರುವಿನಲ್ಲಿ ಒಂದು ಇಡೀ ಸ್ಕೂಟರು, ಅದರ ಮೇಲಿನ ಗಂಡ ಹೆಂಡತಿ ಮಗು ಸಮೇತ, ಅದರ ಹಿಂದೆ ಅಡಗಿಬಿಡುತ್ತದೆ. ಗಾಡಿ ಮಗುಚಿದರೆ ಒಳಗಿನವರನ್ನು ಉಳಿಸುವ ಕಂಬವೇ ಹೊರಗಿನವರನ್ನು ಮರೆಮಾಡುತ್ತದೆ. ತಿರುಗಿಸುವ ಮೊದಲು ಒಮ್ಮೆ ಮುಂದೆ ಬಗ್ಗಿ, ಒಮ್ಮೆ ಪಕ್ಕಕ್ಕೆ ವಾಲಿ ನೋಡು ಅಂತ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಆರು ಏರ್‌ಬ್ಯಾಗೂ ಒಳಗೆ ಕೂತವರಿಗೆ. ಮುಂಜಾನೆ ಮಬ್ಬಿನಲ್ಲಿ ಹೂವಿನ ಬುಟ್ಟಿ ಹೊತ್ತು ರಸ್ತೆ ದಾಟುವ ಹೆಂಗಸಿಗೆ ಇರುವುದು ನನ್ನ ಮಗಳ ಕಣ್ಣು ಮತ್ತು ಕಾಲು. ಮಗಳ ಜೀವದ ಬಗ್ಗೆ ಹೆದರುತ್ತಾ ಶುರುಮಾಡಿದವಳು ನಾನು. ತಿಂಗಳೊಪ್ಪತ್ತಿನಲ್ಲಿ ಆ ಹೆದರಿಕೆಯ ಅರ್ಧ ಭಾಗ ಅವಳ ಎದುರಿಗೆ ಸಿಗುವವರ ಕಡೆಗೆ ತಿರುಗಿತ್ತು.

ಗೀರು ಬಿತ್ತು, ಮೂರನೇ ವಾರದಲ್ಲಿ. ಅದೇ ಗೇಟು, ಅದೇ ಕಂಬ, ಈ ಸಲ ಬಲಬಾಗಿಲು. ಇವರು ಹೊರಗೆ ಬಂದು ಬಗ್ಗಿ ಬೆರಳಾಡಿಸಿದರು. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. "ಇಷ್ಟೇನಾ" ಅಂದು ಒಳಗೆ ಹೋದರು. ಅದನ್ನಿನ್ನೂ ಪಾಲಿಶ್ ಮಾಡಿಸಿಲ್ಲ.

ಈಗ ಡಿಎಲ್ ಬಂದು ಎರಡು ತಿಂಗಳು. ಆರು ತಿಂಗಳು ರಾತ್ರಿ ಒಂಬತ್ತರ ಮೇಲೆ ಗಾಡಿ ಇಲ್ಲ, ಒಬ್ಬ ಗೆಳತಿಗಿಂತ ಹೆಚ್ಚು ಜನ ಇಲ್ಲ, ಫೋನು ಡಿಕ್ಕಿಯಲ್ಲಿ. ಬೆಂಗಳೂರು ಹೈವೇ ಸದ್ಯಕ್ಕಿಲ್ಲ. ಐದು ಸ್ಟಾರ್ ಕಾರಲ್ವಾ ಅಂತ ವಾದಿಸಿದಳು. ಆ ಸ್ಟಾರುಗಳು 64ರಲ್ಲಿ ಗುದ್ದಿಸಿ ಕೊಟ್ಟವು, ಅಲ್ಲಿ ಎಲ್ಲರೂ ಹೋಗುವ ವೇಗದಲ್ಲಿ ಗುದ್ದಿಸಿ ಯಾರೂ ಸ್ಟಾರ್ ಕೊಟ್ಟಿಲ್ಲ ಅಂದೆ. ಲೇಔಟಿನಲ್ಲಿ ಹೆಜ್ಜೆ ಎಣಿಸಿದ್ದಕ್ಕೋ ಏನೋ, ಮತ್ತೆ ಕೇಳಲಿಲ್ಲ.

ಹೋದ ಸೋಮವಾರ ನಂಜನಗೂಡಿಗೆ ಹೊರಟೆವು. ಊರಿನಿಂದಾಚೆ ಅವಳು ಓಡಿಸುವ ಮೊದಲ ಪ್ರಯಾಣ. ಅವಳ ಅಪ್ಪ ಮುಂದೆ, ನಾನೂ ಅತ್ತೆಯೂ ಹಿಂದೆ. ಎಂಜಿನ್ ಶುರುವಾಯಿತು, ಗಾಡಿ ಕದಲಲಿಲ್ಲ.

"ಅಜ್ಜಿ, ಬೆಲ್ಟ್."

"ಹಿಂದೆ ಕೂತೋರಿಗೂ ಬೇಕೇನೇ?"

ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ. ಬೆಲ್ಟ್ ಹಾಕಿರಲಿಲ್ಲ. ಆ ಒಂದೇ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಬೆಲ್ಟ್ ಹಾಕದೆ ಸತ್ತವರು 16,715, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸ್ಟೀರಿಂಗ್ ಹಿಡಿಯದೆ ಸುಮ್ಮನೆ ಕೂತಿದ್ದವರು. ಬೆಲ್ಟಿನ ಬೀಪ್ ಬಾಯಿ ಮುಚ್ಚಿಸುವ ಸುಳ್ಳು ಕ್ಲಿಪ್ಪುಗಳು ಆನ್‌ಲೈನಿನಲ್ಲಿ ಎಷ್ಟು ಮಾರಾಟವಾಗುತ್ತಿದ್ದವೆಂದರೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆದೇಶ ಹೊರಡಿಸಿ ಸಾವಿರಾರು ಜಾಹೀರಾತುಗಳನ್ನು ತೆಗೆಸಬೇಕಾಯಿತು. ಇದನ್ನೆಲ್ಲ ಮಗಳು ಹೇಳಲಿಲ್ಲ. "ನೀವು ಹಾಕ್ಕೊಳ್ಳೋವರೆಗೂ ಗಾಡಿ ಹೋಗಲ್ಲ ಅಜ್ಜಿ" ಅಂದಳು, ಅಷ್ಟೇ.

ಪಟ್ಟಿ ಸಿಕ್ಕಿತು, ಸಿಕ್ಕಿಸುವ ಬಕಲ್ ಸಿಗಲಿಲ್ಲ. ಹಿಂದಿನ ಸೀಟಿನ ಕವರ್ ಹಾಗೇ ಇತ್ತಲ್ಲ, ಅದರಡಿಯಲ್ಲಿ ಎರಡು ವರ್ಷದಿಂದ ಹೂತುಹೋಗಿತ್ತು. ಕೈ ಹಾಕಿ ತಡಕಿದೆ. ಒಂದು ಹೇರ್‌ಪಿನ್ ಬಂತು, ಎರಡು ರೂಪಾಯಿ ನಾಣ್ಯ ಬಂತು, ಕೊನೆಗೆ ಕವರಿನ ಹೊಲಿಗೆ ಪರ್ ಅಂತ ಹರಿದು ಬಕಲ್ ಮೇಲೆ ಬಂತು. ಸೆರಗು ಸುಕ್ಕಾಗದ ಹಾಗೆ ಪಟ್ಟಿಯನ್ನು ಅತ್ತೆಯ ಹೆಗಲ ಮೇಲಿಂದ ತಂದು, ಕೆಳಗಿನದನ್ನು ಹೊಟ್ಟೆಯ ಮೇಲಿಂದ ಸೊಂಟಕ್ಕೆ ಇಳಿಸಿ ಸಿಕ್ಕಿಸಿದೆ. ಕ್ಲಿಕ್ ಅಂತು. ಅವರು ಒಮ್ಮೆ ಮುಂದಕ್ಕೆ ಬಗ್ಗಿ ನೋಡಿ, ಅದು ಹಿಡಿಯುತ್ತದೆ ಅಂತ ಖಾತ್ರಿ ಮಾಡಿಕೊಂಡು ಒರಗಿದರು.

"ಆಯ್ತು ನಡಿ" ಅಂದೆ.

ಗಾಡಿ ಆಗಲೂ ಕದಲಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಅಮ್ಮ, ನಿಂದು?"

ನನ್ನ ಕಡೆಯ ಬಕಲ್ ಇನ್ನೂ ಕವರಿನ ಅಡಿಯಲ್ಲೇ ಇತ್ತು.